ತಳಕ್ಕೆ ಕೂತವಳ ಉತ್ತರಪತ್ರಿಕೆ

ಹೊಸ ಶಿರಾ
ಫಾಲ್ಗುಣ ಮೂವತ್ತೊಂದು, ಪಾಲು ಶಕೆ ನೂರ ಎಂಬತ್ತನಾಲ್ಕು

ಇಪ್ಪತ್ತೊಂದನೆಯ ಶತಮಾನದ ಕಾಲೇಜು ಮೇಷ್ಟರುಗಳೇ,

ಫಾಲ್ಗುಣಕ್ಕೆ ಮೂವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಅಂಕಗಳನ್ನು ತಾಳೆ ನೋಡಲು ಪಂಚಾಂಗದಲ್ಲಿ ದಿನ ಸಾಲದೆ ನಾವೇ ಒಂದನ್ನು ಸೇರಿಸಿಕೊಂಡಿದ್ದೇವೆ. ಆ ದಿನ ಅಂಗಡಿ ತೆರೆಯುವುದಿಲ್ಲ, ಮದುವೆ ನಡೆಯುವುದಿಲ್ಲ, ಹುಟ್ಟಿದ ಮಗುವನ್ನು ಮರುದಿನದ ಲೆಕ್ಕಕ್ಕೆ ಬರೆಸುತ್ತಾರೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಕ್ಷಮೆ ಕೇಳುವುದು ನನ್ನ ಜಾಯಮಾನವಲ್ಲ. ಹಿಂದಿನವರಿಗೆ ಬರೆಯುವಾಗ ಕೇಳಬೇಕೆಂಬ ಪದ್ಧತಿ ಇದೆ, ಕೇಳಿದ್ದೇನೆ. ಇನ್ನು ಮುಂದೆ ಕೇಳುವುದಿಲ್ಲ.

ನನ್ನ ಹೆಸರು ಎ ಸರ್ವಮಂಗಳಾ. ಆ ‘ಎ’ ಅಪ್ಪನ ಹೆಸರಿನದಲ್ಲ, ಊರಿನದೂ ಅಲ್ಲ. ಕಾಲೇಜಿನಲ್ಲಿ ನನಗೆ ಬಂದ ದರ್ಜೆ. ನಮ್ಮಲ್ಲಿ ಇಪ್ಪತ್ತು ದಾಟಿದ ಯಾರ ಹೆಸರನ್ನೂ ದರ್ಜೆ ಬಿಟ್ಟು ಕರೆಯುವುದಿಲ್ಲ. ಬಿಟ್ಟು ಕರೆದರೆ ಬೈಗುಳ. ನಲವತ್ತು ವರ್ಷ ಇಲ್ಲಿನ ವೈದ್ಯ ಕಾಲೇಜಿನಲ್ಲಿ ಪ್ರಮಾಣಶಾಸ್ತ್ರ ಕಲಿಸಿದೆ. ಯಾವ ರೋಗಿಗೆ ಯಾವ ಮದ್ದು ಎಷ್ಟು ಹನಿ ಎಂಬ ವಿದ್ಯೆ ಅದು. ನಾನು ಬಿಗಿ ಹೆಂಗಸು ಎಂದು ಊರೆಲ್ಲ ಹೇಳುತ್ತದೆ, ಸುಳ್ಳೇನಲ್ಲ.

ದರ್ಜೆ ಎಂದರೆ ನಿಮಗೆ ಅಂಕಪಟ್ಟಿಯ ಮೂಲೆಯಲ್ಲಿ ಕೂತಿರುವ ಒಂದು ಅಕ್ಷರ. ನೀವು ಅದನ್ನು ಪ್ಲಾಸ್ಟಿಕ್ ಹೊದಿಕೆಗೆ ಹಾಕಿ ಬೀರುವಿನಲ್ಲಿ ಇಡುತ್ತಿದ್ದಿರಂತೆ. ನಮ್ಮಲ್ಲಿ ಅದು ಬಾಗಿಲ ಮೇಲಿನ ಹಿತ್ತಾಳೆ ತಗಡಿನಲ್ಲಿರುತ್ತದೆ. ಬೆಳಗ್ಗೆ ಹೋಟೆಲಿಗೆ ಹೋದರೆ ಮೊದಲ ಡಿಕಾಕ್ಷನ್ ಎ, ಬಿಗಳಿಗೆ. ಅದೇ ಪುಡಿಗೆ ಎರಡನೇ ಸಲ ಬಿಸಿನೀರು ಹುಯ್ದದ್ದು ಸಿ, ಡಿಗಳಿಗೆ. ಎಫ್‌ಗೆ ಮೂರನೆಯದು, ಅದನ್ನು ಕಾಫಿ ಎನ್ನಲು ಬಹಳ ಧೈರ್ಯ ಬೇಕು. ಮದುವೆಯ ಊಟದಲ್ಲಿ ಐದು ಪಂಕ್ತಿ, ಎಫ್ ಪಂಕ್ತಿ ಕೂರುವ ಹೊತ್ತಿಗೆ ಪಾಯಸದ ಪಾತ್ರೆಗೆ ನೀರು ಹಾಕಿ ನೆನೆಸಿರುತ್ತಾರೆ. ನ್ಯಾಯಾಲಯದಲ್ಲಿ ಒಬ್ಬ ಎ ಹೇಳಿದ್ದನ್ನು ಸುಳ್ಳೆನ್ನಲು ಇಬ್ಬರು ಬಿಗಳು ಬೇಕು. ಎಫ್‌ಗಳು ಎಷ್ಟು ಜನ ಸೇರಿದರೂ ಸಾಲದು. ಆಸ್ಪತ್ರೆಯಲ್ಲಿ ಎ ರೋಗಿಗೆ ಎ ಡಾಕ್ಟರು, ಎಫ್ ವಾರ್ಡಿಗೆ ಡಿ ಡಾಕ್ಟರು. ಸತ್ತಾಗಲೂ ದರ್ಜೆ ಕೂಗಿಯೇ ಹೆಣ ಎತ್ತುವುದು. ಇದೆಲ್ಲ ನನಗೆ ವಿಚಿತ್ರವಾಗಿ ಎಂದೂ ಕಂಡಿರಲಿಲ್ಲ. ನಾನು ಮೊದಲ ಡಿಕಾಕ್ಷನ್ ಕುಡಿದು ಬೆಳೆದವಳು.

ಇದಕ್ಕೆಲ್ಲ ನಾವು ಕಾರಣ ಎಂದುಕೊಂಡು ಮೂಗು ಮುರಿಯಬೇಡಿ. ನಿಮ್ಮ ಕಾಲದ ಒಂದು ಕಾಲೇಜಿನ ಸಭೆಯ ನಡಾವಳಿ ನಮ್ಮಲ್ಲಿ ಉಳಿದಿದೆ, ಮಕ್ಕಳಿಗೆ ಪಾಠವಾಗಿ ಇಟ್ಟಿದ್ದೇವೆ. ದರ್ಜೆ ಎಂದರೆ ಏನು ಎಂದು ನಿರ್ಧರಿಸಲು ಹನ್ನೊಂದು ಮಂದಿ ಸೇರಿದ್ದಿರಿ. ವಿದ್ಯಾರ್ಥಿಗೆ ಎಷ್ಟು ಗೊತ್ತು ಎಂಬುದನ್ನು ಅದು ಹೇಳಬೇಕು ಎಂದರು ಒಬ್ಬರು. ಪಕ್ಕದವನಿಗಿಂತ ಎಷ್ಟು ಹೆಚ್ಚು ಗೊತ್ತು ಎಂಬುದನ್ನು ಹೇಳಬೇಕು ಎಂದರು ಇನ್ನೊಬ್ಬರು. ಪಟ್ಟ ಕಷ್ಟಕ್ಕೂ ಬೆಲೆ ಬೇಡವೇ ಎಂದು ಮತ್ತೊಬ್ಬರ ಗೋಳು. ಅಪ್ಪ ಅಮ್ಮಂದಿರು ಜಗಳಕ್ಕೆ ಬರದ ಹಾಗಿದ್ದರೆ ಸಾಕು ಎಂದು ಪ್ರಿನ್ಸಿಪಾಲರು. ಆಮೇಲೆ ಟೀ ಬಂತು, ಬಿಸ್ಕತ್ತು ಬಂತು, ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು. ಮುಂದಿನ ಸಭೆ ನಡೆದ ದಾಖಲೆ ಇಲ್ಲ. ಅರ್ಥ ಬರೆಯದೆ ಬರೀ ಅಕ್ಷರವನ್ನು ಬಿಟ್ಟು ಹೋದಿರಿ, ಮಹರಾಯರೇ. ಖಾಲಿ ಬಿಟ್ಟ ಸೈಟಿನಲ್ಲಿ ಯಾರೋ ಮನೆ ಕಟ್ಟುತ್ತಾರೆ, ಅಷ್ಟೇ ಆದದ್ದು.

ನಾವು ಆರಿಸಿಕೊಂಡದ್ದು ಪಾಲುಪಟ್ಟಿ. ತರಗತಿಗೆ ನಲವತ್ತು ಜನ. ನಾಲ್ಕು ಎ, ಎಂಟು ಬಿ, ಹದಿನೇಳು ಸಿ, ಎಂಟು ಡಿ, ಮೂರು ಎಫ್. ಎಲ್ಲರೂ ಬುದ್ಧಿವಂತರಾದರೂ ಮೂರು ಎಫ್, ಎಲ್ಲರೂ ದಡ್ಡರಾದರೂ ನಾಲ್ಕು ಎ. ಪಾಲು ತಪ್ಪಿದರೆ ಮೇಷ್ಟರ ದರ್ಜೆಗೇ ಕುತ್ತು. ಅದನ್ನು ಕಾಯಲು ತಾಳೆಗಾರರೆಂಬ ಅಧಿಕಾರಿಗಳಿದ್ದಾರೆ. ಅವರಿಗೆ ಯಾವ ವಿಷಯವೂ ಗೊತ್ತಿರಬೇಕಾಗಿಲ್ಲ. ಪಾಲು ಸರಿ ಇದೆಯೇ, ಉತ್ತರ ‘ಸರಿಯುತ್ತರ’ ಎಂಬ ಅಚ್ಚಾದ ಪುಸ್ತಕದಲ್ಲಿ ಇರುವಂತೆಯೇ ಇದೆಯೇ, ಇಷ್ಟು ನೋಡಿದರೆ ಆಯಿತು. ಡಾಕ್ಟರುಗಳು ಮದ್ದು ಕೊಡುವುದೂ ಅದೇ ಪುಸ್ತಕ ನೋಡಿ. ಲೆಕ್ಕ ಮಾಡುವ ರೂಢಿ ನನ್ನ ಯೌವನದಲ್ಲೇ ತಪ್ಪಿಹೋಗಿತ್ತು.

ಆ ಮೂರು ಎಫ್ ಯಾರಿಗೆ ಬೀಳಬೇಕು ಎಂಬುದೇ ಪ್ರತಿ ಮನೆಯ ಹೊಟ್ಟೆನೋವು. ಅದಕ್ಕೆ ನಮ್ಮ ಊರು ಒಂದು ಉಪಾಯ ಕಂಡುಕೊಂಡಿತು. ಒಮ್ಮೆ ಎಫ್ ಆದವರಿಗೆ ಇನ್ನೊಮ್ಮೆ ಎಫ್ ಬಂದರೆ ಹೋಗುವುದೇನಿದೆ? ಅಂಥವರನ್ನೇ ವರ್ಷವರ್ಷವೂ ಮರುವಿದ್ಯಾರ್ಥಿಗಳೆಂದು ಸೇರಿಸಿಕೊಂಡು, ಕೊನೆಯ ಬೆಂಚಿನಲ್ಲಿ ಕೂರಿಸಿ, ಪರೀಕ್ಷೆ ಬರೆಸಿ, ಎಫ್‌ಗಳನ್ನು ಅವರ ತಲೆಗೇ ಕಟ್ಟುತ್ತೇವೆ. ಅವರಿಗೆ ತಳದವರು ಎಂದು ಹೆಸರು. ಕಾಲೇಜಿನ ಹಿಂದೆ ಒಂದು ಕೋಣೆ, ಎರಡು ಹೊತ್ತು ಊಟ. ಕಾನೂನಿನಲ್ಲಿ ಇಲ್ಲ, ವಾಡಿಕೆಯಲ್ಲಿ ಇದೆ. ಹೆತ್ತವರು ಹಬ್ಬಕ್ಕೆ ಅವರಿಗೆ ಹಳೇ ಸೀರೆ ಕೊಡುತ್ತಾರೆ, ಕೈಗೆ ಕೈ ತಾಗದ ಹಾಗೆ.

ದ್ಯಾವೀರಮ್ಮ ನನ್ನ ತರಗತಿಯ ತಳದವಳು. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಬಾರಿ ನನ್ನ ಪರೀಕ್ಷೆ ಬರೆದು ನೂರಕ್ಕೆ ಎಪ್ಪತ್ತೊಂದು ತೆಗೆದಳು. ಆ ವರ್ಷ ತರಗತಿ ಚುರುಕಾಗಿತ್ತು, ತಳದವರೂ ಒಬ್ಬಿಬ್ಬರು ಸತ್ತಿದ್ದರು. ಎಪ್ಪತ್ತೊಂದಕ್ಕೆ ಎಫ್ ಬಿತ್ತು. ಅವಳಪ್ಪ ಕುರಿ ಕಾಯುವವನು, ಕಾಲೇಜಿನ ಗೇಟಿನ ಹತ್ತಿರ ನಿಂತು, “ಪಾಸಾಗವ್ಳೆ ಅಂದ್ರಲ್ಲ ಮೇಡಮ್ಮೋರೆ, ಎಪ್ಪತ್ತೊಂದು ಅಂದ್ರೆ ಪಾಸಲ್ವರಾ?” ಎಂದು ಕೇಳಿದ. ಅಂಕ ಬೇರೆ ದರ್ಜೆ ಬೇರೆ ಎಂದು ಹೇಳಿ ಒಳಗೆ ಬಂದೆ. ಮರುವರ್ಷದಿಂದ ಅವಳು ಕೊನೆಯ ಬೆಂಚಿಗೆ ಬಂದಳು.

ಈಗ ನಾವು ಮಾಡಿದ ತಪ್ಪನ್ನು ಹೇಳುತ್ತೇನೆ, ಇದು ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು. ಖಾಲಿ ಪತ್ರಿಕೆ ಕೊಟ್ಟರೆ ತಾಳೆಗಾರರು ಒಪ್ಪುವುದಿಲ್ಲ. ಬಾಯಿಗೆ ಬಂದದ್ದು ಬರೆದರೂ ಒಪ್ಪುವುದಿಲ್ಲ. ತಳದವರು ಕಷ್ಟಪಟ್ಟು ಓದಿ, ನಿಜವಾಗಿಯೂ ಪ್ರಯತ್ನಿಸಿ, ಸೋತಂತೆ ಕಾಣಬೇಕು. ಹಾಗೆ ತಪ್ಪು ಬರೆಯಬೇಕಾದರೆ ಸರಿ ಏನೆಂದು ತಿಳಿದಿರಲೇಬೇಕು. ಅದಕ್ಕಾಗಿ ನಾನೇ ಅವಳಿಗೆ ಸಂಜೆ ಪಾಠ ಹೇಳಿದೆ. ಎಲ್ಲಿ ಒಂದು ಹೆಜ್ಜೆ ಜಾರಿದರೆ ಲೆಕ್ಕ ಸಹಜವಾಗಿ ಕೆಡುತ್ತದೆ, ಯಾವ ರೋಗಿಯ ಯಾವ ಲಕ್ಷಣ ಮರೆತರೆ ನಂಬುವಂಥ ತಪ್ಪು ಬರುತ್ತದೆ, ಎಲ್ಲ ಕಲಿಸಿದೆ. ಅವಳ ತಪ್ಪುಗಳು ಎಷ್ಟು ಸೊಗಸಾಗಿರುತ್ತಿದ್ದವೆಂದರೆ ಓದುತ್ತ ನಾನು ಒಬ್ಬಳೇ ನಗುತ್ತಿದ್ದೆ. ಪ್ರತಿ ವರ್ಷ ಇಪ್ಪತ್ತೆಂಟರಿಂದ ಮೂವತ್ತಮೂರರ ಒಳಗೆ, ಹೇಳಿ ಮಾಡಿಸಿದಂತೆ. ಇಪ್ಪತ್ತಾರು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಆ ವಿಷಯ ಚೆನ್ನಾಗಿ ಗೊತ್ತಿದ್ದವರು ಜಿಲ್ಲೆಗೇ ಇಬ್ಬರು ಉಳಿದಿದ್ದೆವು, ಒಬ್ಬಳು ನಾನು. ಅವಳನ್ನು ಕಂಡರೆ ನನಗೆ ಪ್ರೀತಿ ಇತ್ತೇ ಎಂದರೆ ಇತ್ತು. ಸಾಕಿದ ಹಸುವಿನ ಮೇಲೆ ಇರುವಷ್ಟು.

ನಲವತ್ತೈದು ತುಂಬಿದ ತಳದವರನ್ನು ಬಿಡಿಸುತ್ತಾರೆ. ಕೊನೆಯ ಪರೀಕ್ಷೆಯ ಹಿಂದಿನ ದಿನ ಅವಳು ನನ್ನ ಮನೆಯ ಹಿತ್ತಲ ಬಾಗಿಲಿಗೆ ಬಂದು ನಿಂತಳು. “ಮೇಡಮ್ಮೋರೆ, ನಾಳೀಕೆ ನಂದು ಕಡೇ ಪರೀಕ್ಷೆ. ಒಂದ್ ಕಿತ, ಗೊತ್ತಿರೋದ್ನ ಗೊತ್ತಿರೋ ಹಂಗೇ ಬರೀಲಾ? ನಂಗೆ ಯಾವ ದರ್ಜೆ ಬತ್ತದೆ ಅಂತ ಕಣ್ಣಲ್ಲಿ ನೋಡ್ಬೇಕು, ಅಷ್ಟೇಯ.” ತಮಾಷೆ ಎಂದುಕೊಂಡೆ. ಬರಿ ಹೋಗು, ಯಾರು ಬೇಡ ಅಂದರು ಎಂದೆ. ಅವಳು ನಗಲಿಲ್ಲ, ನಾನು ಅದನ್ನು ಗಮನಿಸಬೇಕಿತ್ತು.

ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಎರಡು ಸಾಲು ಓದುವಷ್ಟರಲ್ಲಿ ಅವಳದೆಂದು ತಿಳಿಯಿತು. ಮಧ್ಯಾಹ್ನದ ಊಟ ಬಿಟ್ಟು ಓದಿದೆ. ನಲವತ್ತು ವರ್ಷದಲ್ಲಿ ಅಂಥ ಪತ್ರಿಕೆ ನನ್ನ ಕೈಗೆ ಬಂದಿರಲಿಲ್ಲ. ಒಂದು ಕಡೆ ನಾನು ಕಲಿಸಿದ ಉದ್ದದ ದಾರಿ ಬಿಟ್ಟು ಅವಳೇ ಕಂಡುಕೊಂಡ ಅಡ್ಡದಾರಿಯಲ್ಲಿ ಹೋಗಿ ಉತ್ತರ ಮುಟ್ಟಿದ್ದಳು. ಸಂತೋಷದಿಂದ ಆ ಪುಟವನ್ನು ಎರಡು ಸಲ ಓದಿದೆ. ಅಂಕ ಹಾಕಿ ಕೂಡಿಸಿದೆ. ತರಗತಿಗೇ ಮೊದಲು.

ಆಮೇಲೆ ಪಾಲುಪಟ್ಟಿ ಎದುರಿಗಿಟ್ಟುಕೊಂಡೆ. ದ್ಯಾವೀರಮ್ಮ ಮೇಲಕ್ಕೆ ಹೋದರೆ ತಳದಲ್ಲಿ ಒಂದು ಜಾಗ ಖಾಲಿ. ಉಳಿದ ಇಬ್ಬರು ತಳದವರು ತಮ್ಮ ಜಾಗದಲ್ಲಿದ್ದರು. ಮೂರನೆಯ ಎಫ್ ಯಾರಿಗೆ ಎಂದು ಕೆಳಗಿನಿಂದ ನೋಡಿದರೆ ಅಲ್ಲಿದ್ದವಳು ಇಂಚರ, ನನ್ನ ಮಗಳ ಮಗಳು. ಐವತ್ತೆರಡು ಅಂಕ. ಓದಿನಲ್ಲಿ ಮಂದ, ಮನಸ್ಸು ಬೆಣ್ಣೆ. ಅವಳು ಮದುವೆಯ ಕೊನೆಯ ಪಂಕ್ತಿಯಲ್ಲಿ ಕೂತು ನೀರು ಪಾಯಸ ಕುಡಿಯುವುದನ್ನು ಯೋಚಿಸಿದೆ. ಹೆಚ್ಚು ಹೊತ್ತು ಯೋಚಿಸಲಿಲ್ಲ. ತಳದವಳೊಬ್ಬಳು ಉತ್ತರ ಕದ್ದು ಬರೆದಿದ್ದಾಳೆ ಎಂದು ತಾಳೆಗಾರರಿಗೆ ದೂರು ಕೊಟ್ಟೆ.

ವಿಚಾರಣೆಗೆ ಮೂವರು ಬಂದರು, ಮೂವರೂ ಎ. ಕದ್ದು ಬರೆದವಳಾದರೆ ಬಾಯಲ್ಲಿ ಹೇಳಲಾರಳು ಎಂದು ಅವಳನ್ನು ಎದುರಿಗೆ ನಿಲ್ಲಿಸಿ ಒಂಬತ್ತನೇ ಪ್ರಶ್ನೆ ಕೇಳಿದರು. ನೀಲಸತ್ವ ಎಂದು ಎದೆಯ ಊತಕ್ಕೆ ಕೊಡುವ ಮದ್ದು ನಮ್ಮಲ್ಲಿದೆ. ಮೂತ್ರಪಿಂಡ ಸೋತ ರೋಗಿಗೆ ಅದನ್ನು ಎಷ್ಟು ಹನಿ ಕೊಡಬೇಕು ಎಂಬುದು ಪ್ರಶ್ನೆ. ದ್ಯಾವೀರಮ್ಮ ಕೈ ಕಟ್ಟಿಕೊಂಡು, “ಆರು ಹನಿ ಕಣ್ರಪ್ಪ. ಗಟ್ಟಿ ಆಳಿಗಾದ್ರೆ ಹನ್ನೆರಡು. ಮೂತ್ರಪಿಂಡ ಸೋತಿದ್ರೆ ಮದ್ದು ಹೊರೀಕೆ ಹೋಗಕಿಲ್ಲ, ಒಳಗೇ ಸೇರ್ಕಂಡು ಎದೆ ನಿಲ್ಲುಸ್ಬುಡ್ತದೆ” ಎಂದಳು. ಅಷ್ಟು ಸರಳವಾಗಿ ನಾನೂ ಎಂದೂ ಹೇಳಿರಲಿಲ್ಲ.

ಆ ಪ್ರಶ್ನೆ ಆ ವರ್ಷವೇ ಹೊಸದು, ಸರಿಯುತ್ತರ ಪುಸ್ತಕದಲ್ಲಿ ಇನ್ನೂ ಅಚ್ಚಾಗಿರಲಿಲ್ಲ. ಮೂವರಿಗೂ ಗೊತ್ತಿಲ್ಲ. ಮೂವರೂ ನನ್ನ ಮುಖ ನೋಡಿದರು. ಆ ಕೋಣೆಯಲ್ಲಿ ಸರಿ ಯಾವುದು ಎಂದು ತಿಳಿದಿದ್ದವರು ನಾವಿಬ್ಬರೇ, ಅವಳೂ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಪಾಠ ಒಪ್ಪಿಸಿದ ಮಗು ಶಹಬ್ಬಾಸ್‌ಗಾಗಿ ಕಾಯುವಂತೆ ಕಾಯುತ್ತಿದ್ದಳು. ತಪ್ಪು, ಹನ್ನೆರಡು ಎಂದೆ.

ತರಗತಿಯಲ್ಲಿ ಮೂವತ್ತೊಂದು ಮಂದಿ ಮೂತ್ರಪಿಂಡವನ್ನು ಮರೆತು ಹನ್ನೆರಡು ಎಂದೇ ಬರೆದಿದ್ದರು, ಹಾಗಾಗಿ ಎಲ್ಲರಿಗೂ ಖುಷಿಯಾಯಿತು. ಇಂಚರಳಿಗೂ ಐದು ಅಂಕ ಹೆಚ್ಚಿಗೆ ಸಿಕ್ಕಿತು, ಎಫ್ ತಪ್ಪಿ ಡಿ ಬಂತು. ದ್ಯಾವೀರಮ್ಮನ ಹೆಸರಿನ ಎದುರು ಮೂವತ್ತೊಂದು ಎಂದು ಬರೆದು ಎಫ್ ಹಾಕಿದರು, ಕಳ್ಳಿ ಎಂದು ಕೋಣೆ ಬಿಡಿಸಿದರು. ಅವಳು ಆಸ್ಪತ್ರೆಯಲ್ಲಿ ಸೀಸೆ ತೊಳೆಯುವ ಕೆಲಸಕ್ಕೆ ಸೇರಿದಳು ಎಂದು ಕೇಳಿದೆ. ಹೋಗಿ ನೋಡಲಿಲ್ಲ. ಮರುವರ್ಷ ಸರಿಯುತ್ತರ ಪುಸ್ತಕದಲ್ಲಿ ನನ್ನ ಹನ್ನೆರಡು ಹನಿ ಅಚ್ಚಾಗಿ ಬಂತು. ತಿದ್ದಿಸಬಹುದಿತ್ತು. ತಿದ್ದಿದರೆ ಏಕೆ ತಿದ್ದಿದೆ ಎಂದು ಕೇಳುತ್ತಿದ್ದರು. ವಿಚಾರಣೆ ನಡೆದು ಏಳು ವರ್ಷವಾಯಿತು. ಅಲ್ಲಿಂದೀಚೆಗೆ ಎಷ್ಟು ಜನ ಆ ಹನ್ನೆರಡು ಹನಿ ಕುಡಿದರು ಎಂದು ನಾನು ವಿಚಾರಿಸಲು ಹೋಗಿಲ್ಲ. ಎಫ್ ವಾರ್ಡಿನಲ್ಲಿ ಸಾವಿಗೆ ಕಾರಣ ಕೇಳುವ ಪದ್ಧತಿ ಇಲ್ಲ.

ನನ್ನ ಕೋರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ಇರುತ್ತದೋ ಇಲ್ಲವೋ. ನಿಮ್ಮ ಎದುರು ಉತ್ತರಪತ್ರಿಕೆಗಳ ಕಟ್ಟು ಇದೆ, ಕೆಂಪು ಪೆನ್ನು ಇದೆ. ಅಕ್ಷರ ಹಾಕುವ ಮೊದಲು, ಅದು ಏನನ್ನು ಹೇಳುತ್ತದೆ ಎಂದು ಒಂದೇ ಒಂದು ವಾಕ್ಯದಲ್ಲಿ ಬರೆದಿಡಿ. ಈ ಹುಡುಗಿಗೆ ಇಂಥಿಂಥದು ಬರುತ್ತದೆ, ಇಂಥದು ಇನ್ನೂ ಬರುವುದಿಲ್ಲ ಎಂಬಷ್ಟು ಸಾದಾ ವಾಕ್ಯ ಸಾಕು. ಪಕ್ಕದವರ ಮಾತು ಅದರಲ್ಲಿ ಬೇಡ. ಎಲ್ಲರಿಗೂ ಬಂದರೆ ಎಲ್ಲರಿಗೂ ಎ ಹಾಕಿ, ಆಕಾಶವೇನೂ ಕಳಚಿ ಬೀಳುವುದಿಲ್ಲ. ಯಾರಿಗೂ ಬಾರದಿದ್ದರೆ ಯಾರಿಗೂ ಹಾಕಬೇಡಿ, ಮತ್ತೆ ಕಲಿಸಿ. ನೀವು ಮಾಡುವುದಿಲ್ಲ ಎಂದು ನನಗೆ ಗೊತ್ತು. ನಿಮ್ಮ ಜಾತಿ ನನಗೆ ಚೆನ್ನಾಗಿ ಗೊತ್ತು, ನಾನೂ ಮೇಷ್ಟರೇ ತಾನೇ.

ಹೋದ ತಿಂಗಳು ಬೆಳಗ್ಗೆ ಒಂಬತ್ತರ ಹೊತ್ತಿಗೆ ಆಸ್ಪತ್ರೆಯಿಂದ ಇಂಚರ ಹೇಳಿ ಕಳಿಸಿದಳು. ಅವಳು ಈಗ ಎಫ್ ವಾರ್ಡಿನ ಡಾಕ್ಟರು. ಹೋದೆ. ಬಾಗಿಲ ಪಕ್ಕದ ಮಂಚದಲ್ಲಿ ದ್ಯಾವೀರಮ್ಮ ಕೂತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕಾಲು ಊದಿ ಹೊಳೆಯುತ್ತಿತ್ತು. ಮೂತ್ರಪಿಂಡ ಸೋತಿದೆ, ಎದೆಗೆ ನೀರು ಬಂದಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಪಕ್ಕದ ಮೇಜಿನ ಮೇಲೆ ಪಿಂಗಾಣಿ ಬಟ್ಟಲಲ್ಲಿ ನೀಲಸತ್ವ ಅಳೆದಿಟ್ಟಿತ್ತು. ಇಂಚರ ನನ್ನನ್ನು ಪಕ್ಕಕ್ಕೆ ಕರೆದು, “ಅಜ್ಜಿ, ನೋಡಿ ಇವರನ್ನ. ಹನ್ನೆರಡು ಜಾಸ್ತಿ ಆಯ್ತು, ಆರೇ ಕೊಡು ಅಂತ ಹಟ ಹಿಡಿದಿದ್ದಾರೆ. ಪುಸ್ತಕದಲ್ಲಿ ಹನ್ನೆರಡೇ ಇದೆ. ಆದ್ರೂ ಯಾಕೋ ಮನಸ್ಸು ಒಪ್ತಿಲ್ಲ. ನೀವೇ ಹೇಳಿಬಿಡಿ” ಎಂದಳು. ಪಾಪದ ಹುಡುಗಿ, ಅನುಮಾನ ಬಂದದ್ದು ಆ ಆಸ್ಪತ್ರೆಯಲ್ಲಿ ಅವಳೊಬ್ಬಳಿಗೇ.

ಆರು ಎಂದರೆ ಸಾಕಿತ್ತು. ಆರು ಎಂದರೆ ಪುಸ್ತಕ ತಪ್ಪು, ವಿಚಾರಣೆ ತಪ್ಪು, ನನ್ನ ಎ ಹೋಗುತ್ತದೆ. ಇಂಚರ ಅದೇ ವಾರ ಡಾಕ್ಟರಿಕೆ ಕಳೆದುಕೊಂಡು ಎಫ್ ಆಗುತ್ತಾಳೆ. ಇಷ್ಟು ವರ್ಷದಲ್ಲಿ ತಾನು ಅಳೆದು ಕೊಟ್ಟ ಬಟ್ಟಲುಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಾಳೆ. ದ್ಯಾವೀರಮ್ಮನಿಗೆ ಐವತ್ತೆರಡು ವರ್ಷ, ಆರು ಹನಿಯಲ್ಲಿ ಇನ್ನೂ ಹತ್ತು ವರ್ಷ ಬದುಕುತ್ತಿದ್ದಳು. ಎರಡನ್ನೂ ತೂಗಿದೆ. ಪುಸ್ತಕದಲ್ಲಿ ಇರುವುದೇ ಸರಿ ಎಂದೆ.

ಇಂಚರಳ ಮುಖ ಹಗುರಾಯಿತು. ಬಟ್ಟಲನ್ನು ತಂದು ದ್ಯಾವೀರಮ್ಮನ ಕೈಗೆ ಕೊಟ್ಟಳು. ಡಾಕ್ಟರು ಬರೆದುಕೊಟ್ಟ ಮದ್ದನ್ನು ಎಫ್ ರೋಗಿ ಬೇಡ ಎನ್ನುವಂತಿಲ್ಲ, ಎಂದರೆ ಮೂಗು ಹಿಡಿದು ಕುಡಿಸುತ್ತಾರೆ. ದ್ಯಾವೀರಮ್ಮ ಅಂಥ ರಂಪ ಮಾಡುವವಳಲ್ಲ. ಬಟ್ಟಲಿನ ಒಳಗೆ ಒಂದು ಸಲ ನೋಡಿದಳು, ನನ್ನನ್ನು ನೋಡಿದಳು. “ನೀವೇ ಅಂದ್ಮ್ಯಾಕೆ ಆಯ್ತು ಬುಡಿ” ಎಂದಳು. ಆಮೇಲೆ ಸ್ವಲ್ಪ ಉಸಿರು ತೆಗೆದುಕೊಂಡು, “ಮೇಡಮ್ಮೋರೆ, ಅವತ್ತು ಪತ್ರಿಕೇಲಿ ನಂಗೆ ದಿಟವಾಗ್ಲೂ ಎಷ್ಟು ಬಂದಿತ್ತು? ಈಗಾರ ಯೋಳಿ” ಎಂದು ಕೇಳಿದಳು.

ಇಂಚರ ಪಕ್ಕದಲ್ಲೇ ನಿಂತಿದ್ದಳು. ಮೂವತ್ತೊಂದು ಎಂದೆ.

ಅವಳು ತಲೆ ಆಡಿಸಿ ಕುಡಿದಳು. ಮಧ್ಯಾಹ್ನದ ಊಟದ ಗಂಟೆಗೆ ಮೊದಲೇ ಹೋದಳು. ಹೆಣ ಎತ್ತುವಾಗ ವಾರ್ಡಿನವನು ‘ಎಫ್’ ಎಂದು ಕೂಗಿದ, ಹೆಸರು ಕೂಗಲು ಮರೆತ. ನಾನು ಜ್ಞಾಪಿಸಲಿಲ್ಲ.

ನಮ್ಮ ಕಾಲದಲ್ಲಿ ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ. ನೀವು ಸತ್ತು ಎಷ್ಟೋ ಕಾಲವಾಯಿತು, ಯಾರಿಗೂ ಬಾಯಿ ಬಿಡಲಾರಿರಿ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಅವಳಿಗೆ ಬಂದದ್ದು ತೊಂಬತ್ತೆಂಟು. ಉತ್ತರಗಳಲ್ಲಿ ಒಂದೂ ತಪ್ಪಿರಲಿಲ್ಲ. ಆ ಎರಡು ಅಂಕವನ್ನು ನಾನೇ ಕಳೆದೆ, ತಳದವಳಿಗೆ ನೂರಕ್ಕೆ ನೂರು ಕೊಡಲು ಕೈ ಬರಲಿಲ್ಲ.